ಅಂಗೈ ಪರದೆಯಿಂದ ಅಜ್ಜಿಯ ಟಿ.ವಿ.ಗೆ



ವಾರ್ಷಿಕ ಸಂಚಿಕೆಯ ಕನ್ನಡ ವಿಭಾಗಕ್ಕೆ ನಾನು ಸಾಮಾನ್ಯವಾಗಿ ಗಾದೆ, ಸಂಧಿ, ಪತ್ರಲೇಖನ ಇಂಥ ವಿಷಯಗಳನ್ನು ಆರಿಸಿಕೊಳ್ಳುತ್ತೇನೆ. ಈ ಸಲ ಬರೆಯುತ್ತಿರುವುದು ಮನೆಯಲ್ಲೇ ಮಾಡಿದ ಒಂದು ಪುಟ್ಟ ಗೇಮ್ ಕನ್ಸೋಲನ್ನು ಟಿ.ವಿ.ಗೆ ಜೋಡಿಸಿದ ಬಗೆಯನ್ನು. ‘ಕನ್ನಡ ಮಿಸ್‌ಗೂ ಸೋಲ್ಡರಿಂಗಿಗೂ ಏನು ಸಂಬಂಧ?’ ಎಂದು ನಗಬೇಡಿ. ಪಾಠ ಮುಗಿಯುವ ಹೊತ್ತಿಗೆ ಸಂಬಂಧ ನಿಮಗೇ ತಿಳಿಯುತ್ತದೆ.

ಮಸ್ಕತ್ತಿನ ನಮ್ಮ ಕನ್ನಡ ತರಗತಿಯಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗನಿದ್ದಾನೆ. ಕನ್ನಡ ಓದುತ್ತಾನೆ, ಆದರೆ ನಿಧಾನ. ಮಾತನಾಡಲು ಸಂಕೋಚ. ಕಂಪ್ಯೂಟರ್ ಎಂದರೆ ಮಾತ್ರ ಪ್ರಾಣ. ಚಳಿಗಾಲದ ರಜೆಯಲ್ಲಿ ಅವನು ತಂದೆಯ ಜೊತೆ ಕುಳಿತು ಅಂಗೈಯಗಲದ ಒಂದು ಗೇಮ್ ಕನ್ಸೋಲ್ ಮಾಡಿದ. ಅದಕ್ಕೊಂದು ಆಟವನ್ನೂ ತಾನೇ ಬರೆದ. ಪರದೆಯ ಮೇಲೆ ಒನಕೆ, ಕಡಗೋಲು, ಮಗ್ಗ, ಬೀಸುಕಲ್ಲು, ಹಂಡೆ ಹೀಗೆ ಒಂದೊಂದು ವಸ್ತುವಿನ ಚಿತ್ರ ಬರುತ್ತದೆ. ಕೆಳಗೆ ಮೂರು ಪದಗಳು. ಸರಿಯಾದುದಕ್ಕೆ ಗುಂಡಿ ಒತ್ತಿದರೆ ಒಂದು ಅಂಕ. ಪದಗಳ ಕಾಗುಣಿತ ನೋಡಿಕೊಡಲು ನನ್ನ ಬಳಿ ಬಂದಿದ್ದ. ನನ್ನ ಪಾತ್ರ ಅಷ್ಟರಲ್ಲೇ ಮುಗಿಯಬೇಕಿತ್ತು.

ಆದರೆ ಆಟ ಬರೆದದ್ದು ಅಜ್ಜಿಗಾಗಿ. ಸಾಗರದ ಹತ್ತಿರದ ಹಳ್ಳಿಯಿಂದ ಅಜ್ಜಿ ಮೂರು ತಿಂಗಳಿಗೆಂದು ಮಸ್ಕತ್ತಿಗೆ ಬಂದಿದ್ದರು. ಮೊಮ್ಮಗ ಸಂಭ್ರಮದಿಂದ ಕನ್ಸೋಲನ್ನು ಕೈಗೆ ಕೊಟ್ಟ. ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಚೆನ್ನಾಗಿದೆ ಪುಟ್ಟಾ, ಆದರೆ ನನಗೆ ಇದರಲ್ಲಿ ಏನೂ ಕಾಣುವುದಿಲ್ಲವಲ್ಲ” ಎಂದು ಹಿಂದಿರುಗಿಸಿದರು. ಫೆಬ್ರವರಿಯಲ್ಲಿ ಅಜ್ಜಿ ಊರಿಗೆ ಮರಳಿದರು. ಹುಡುಗ ನನ್ನ ಮುಂದೆ ಬಂದು ನಿಂತ. “ಮಿಸ್, ಜೂನ್ ರಜೆಯಲ್ಲಿ ನಾವು ಊರಿಗೆ ಹೋಗುತ್ತೇವೆ. ಅಷ್ಟರೊಳಗೆ ಇದು ಟಿ.ವಿ.ಯಲ್ಲಿ ಬರಬೇಕು” ಎಂದ.

ನಾನು ಬಿ.ಎ., ಬಿ.ಎಡ್. ಓದಿದವಳು. ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರ ಪಕ್ಕದಲ್ಲಿ ಕುಳಿತು ಅವರಿಬ್ಬರ ಕೆಲಸ ನೋಡುತ್ತಾ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

1. ಪೆಟ್ಟಿಗೆಯೊಳಗೆ ಏನಿತ್ತು?

ಕನ್ಸೋಲಿನ ಮಿದುಳು ‘ರಾಸ್ಪ್‌ಬೆರಿ ಪೈ ಝೀರೋ ಡಬ್ಲ್ಯು’ ಎಂಬ ಪುಟ್ಟ ಕಂಪ್ಯೂಟರ್. ಬ್ರಿಟನ್ನಿನಲ್ಲಿ ರೂಪುಗೊಂಡ ರಾಸ್ಪ್‌ಬೆರಿ ಪೈ ಮೊದಲು ಬಂದದ್ದು 2012ರಲ್ಲಿ. ಮಕ್ಕಳು ಕಂಪ್ಯೂಟರನ್ನು ಬರೀ ಬಳಸುವುದಲ್ಲ, ಅದಕ್ಕೆ ಆಜ್ಞೆ ಬರೆಯುವುದನ್ನೂ ಕಲಿಯಲಿ ಎಂಬುದೇ ಅದರ ಉದ್ದೇಶವಾಗಿತ್ತು. ಝೀರೋ ಮಾದರಿ 2015ರಲ್ಲಿ ಬಂತು. ವೈ-ಫೈ ಇರುವ ಝೀರೋ ಡಬ್ಲ್ಯು 2017ರಲ್ಲಿ ಬಂತು. ಬೋರ್ಡಿನ ಉದ್ದ 65 ಮಿಲಿಮೀಟರ್, ಅಗಲ 30 ಮಿಲಿಮೀಟರ್. ಒಂದು ಚೂಯಿಂಗ್ ಗಮ್ ಪೊಟ್ಟಣದಷ್ಟು.

ಅದರ ಜೊತೆಗೆ 2.8 ಅಂಗುಲದ ಒಂದು ಎಲ್‌ಸಿಡಿ ಪರದೆ, ಎಂಟು ಗುಂಡಿಗಳು, ಒಂದು ಸಣ್ಣ ಸ್ಪೀಕರ್, ಲಿಥಿಯಂ ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಬೋರ್ಡು. ಇವೆಲ್ಲ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ. ಪರದೆಯಲ್ಲಿ ಅಡ್ಡಕ್ಕೆ 320, ಉದ್ದಕ್ಕೆ 240 ಚುಕ್ಕೆಗಳು. ಎಳೆಯ ಕಣ್ಣಿಗೆ ಸಾಕು, ಎಪ್ಪತ್ತು ದಾಟಿದ ಕಣ್ಣಿಗೆ ಸಾಲದು.

ಇದು ಹೊಸ ತೊಂದರೆಯೇನಲ್ಲ. 1989ರಲ್ಲಿ ಬಂದ ನಿಂಟೆಂಡೊ ‘ಗೇಮ್ ಬಾಯ್’ಗೂ ಟಿ.ವಿ. ಜೋಡಿಸುವ ಕಿಂಡಿ ಇರಲಿಲ್ಲ. ಅದರ ಆಟಗಳನ್ನು ಟಿ.ವಿ.ಯಲ್ಲಿ ಆಡಲು 1994ರಲ್ಲಿ ‘ಸೂಪರ್ ಗೇಮ್ ಬಾಯ್’ ಎಂಬ ಬೇರೆಯೇ ಸಾಧನ ಬರಬೇಕಾಯಿತು. ಸೋನಿಯ ಮೊದಲ ‘ಪಿಎಸ್‌ಪಿ’ಯಲ್ಲೂ ವಿಡಿಯೊ ಹೊರಕ್ಕೆ ಬರುತ್ತಿರಲಿಲ್ಲ. 2007ರ ತೆಳು ಮಾದರಿಯಲ್ಲಿ ಆ ಸೌಲಭ್ಯ ಬಂತು. 2017ರ ‘ನಿಂಟೆಂಡೊ ಸ್ವಿಚ್’ ಅಂತೂ ಕೈಯಲ್ಲೂ ಆಡು, ಟಿ.ವಿ.ಯಲ್ಲೂ ಆಡು ಎಂಬ ಒಂದೇ ವಿಚಾರದ ಮೇಲೆ ನಿಂತಿತು. ಅಂಗೈಯ ಆಟ ಒಬ್ಬರದು, ಟಿ.ವಿ. ಮುಂದಿನ ಆಟ ಮನೆಮಂದಿಯದು.

2. ಎಚ್‌ಡಿಎಂಐ ಏಕೆ ಬೇಡವಾಯಿತು?

ಈ ಬೋರ್ಡಿನಿಂದ ಚಿತ್ರ ಹೊರಬರಲು ಎರಡು ದಾರಿಗಳಿವೆ. ಒಂದು, ಅಂಚಿನಲ್ಲಿರುವ ಮಿನಿ ಎಚ್‌ಡಿಎಂಐ ಕಿಂಡಿ. ಇನ್ನೊಂದು, ಬೋರ್ಡಿನ ಮೇಲೆ ‘ಟಿವಿ’ ಎಂದು ಅಚ್ಚಾಗಿರುವ ಎರಡು ಖಾಲಿ ತೂತುಗಳು. ಈ ತೂತುಗಳಿಂದ ಬರುವುದು ‘ಕಾಂಪೊಸಿಟ್ ವಿಡಿಯೊ’. ಡಿವಿಡಿ ಪ್ಲೇಯರಿಗೂ ಸೆಟ್-ಟಾಪ್ ಬಾಕ್ಸಿಗೂ ಹಳದಿ, ಕೆಂಪು, ಬಿಳಿ ಮೂತಿಯ ಕೇಬಲ್ ಹಾಕುತ್ತಿದ್ದೆವಲ್ಲ, ಅದರಲ್ಲಿ ಹಳದಿ ತಂತಿಯ ಚಿತ್ರ.

ಎಚ್‌ಡಿಎಂಐ ಚಿತ್ರ ಹೆಚ್ಚು ಸ್ಪಷ್ಟ. ಕೇಬಲ್ ಚುಚ್ಚಿದರೆ ಮುಗಿಯಿತು. ಆದರೂ ಹುಡುಗ ಎರಡನೆಯ ದಾರಿ ಹಿಡಿದ. ಅವನ ಪೆಟ್ಟಿಗೆಯಲ್ಲಿ ಎಚ್‌ಡಿಎಂಐ ಕಿಂಡಿಗೆ ಬ್ಯಾಟರಿ ಅಡ್ಡ ಬಂದಿತ್ತು ಎಂಬುದು ಸಣ್ಣ ಕಾರಣ. ಅಜ್ಜಿಯ ಮನೆಯಲ್ಲಿರುವುದು ಹಿಂಬದಿ ಉಬ್ಬಿದ ಹಳೆಯ ಟಿ.ವಿ., ಅದರಲ್ಲಿ ಇರುವುದು ಹಳದಿ ಕಿಂಡಿ ಮಾತ್ರ ಎಂಬುದು ದೊಡ್ಡ ಕಾರಣ. ಯಾರಿಗೆ ತೋರಿಸಬೇಕೋ ಅವರ ಮನೆಯಲ್ಲಿ ಏನಿದೆ ಎಂದು ಮೊದಲು ಕೇಳಿದ್ದು ಅವನ ಜಾಣತನ.

3. ತಂತಿಯಲ್ಲಿ ಚಿತ್ರ ಹೇಗೆ ಹೋಗುತ್ತದೆ?

ಮಕ್ಕಳೇ, ಇಲ್ಲಿಂದ ನನ್ನ ಪಾಠ. ತರಗತಿಯಲ್ಲಿ ನಾವು ಉಕ್ತಲೇಖನ ಬರೆಯುತ್ತೇವೆ. ನಾನು ಓದುತ್ತಾ ಹೋಗುತ್ತೇನೆ, ನೀವು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಬರೆಯುತ್ತಾ ಹೋಗುತ್ತೀರಿ. ಸಾಲು ಮುಗಿದಾಗ ‘ಹೊಸ ಸಾಲು’ ಎನ್ನುತ್ತೇನೆ, ಪುಟ ಮುಗಿದಾಗ ‘ಹೊಸ ಪುಟ’ ಎನ್ನುತ್ತೇನೆ. ಕಾಂಪೊಸಿಟ್ ವಿಡಿಯೊ ಎಂದರೆ ಇಂಥದೇ ಉಕ್ತಲೇಖನ. ಕಂಪ್ಯೂಟರ್ ಓದುವ ಶಿಕ್ಷಕ, ಟಿ.ವಿ. ಬರೆಯುವ ವಿದ್ಯಾರ್ಥಿ, ಪರದೆಯೇ ಪುಸ್ತಕ.

ಒಂದೇ ತಂತಿಯಲ್ಲಿ ಸುಮಾರು 1 ವೋಲ್ಟಿನೊಳಗೆ ವಿದ್ಯುತ್ತು ಏರಿಳಿಯುತ್ತದೆ. ತಳದಿಂದ ಎಣಿಸಿದರೆ ಸುಮಾರು 0.3 ವೋಲ್ಟ್ ಇದ್ದಾಗ ಕಪ್ಪು ಚುಕ್ಕೆ, 1 ವೋಲ್ಟ್ ಇದ್ದಾಗ ಬಿಳಿ ಚುಕ್ಕೆ, ನಡುವೆ ಇದ್ದಾಗ ಬೂದು. ವಿದ್ಯುತ್ತು ಕಪ್ಪಿಗಿಂತಲೂ ಕೆಳಕ್ಕೆ ಕ್ಷಣಮಾತ್ರ ಇಳಿದರೆ ಅದು ಚಿತ್ರವಲ್ಲ, ‘ಹೊಸ ಸಾಲು’ ಎಂಬ ಸೂಚನೆ. ಅಂಥ ಇಳಿತ ಇನ್ನೊಂದು ಗೊತ್ತಾದ ರೀತಿಯಲ್ಲಿ ಹೆಚ್ಚು ಹೊತ್ತು ಬಂದರೆ ‘ಹೊಸ ಪುಟ’. ಈ ಸೂಚನೆಗೆ ‘ಸಿಂಕ್’ ಎನ್ನುತ್ತಾರೆ. ಬಣ್ಣದ ವಿವರ ಇದೇ ಅಲೆಯ ಮೇಲೆ ಇನ್ನೊಂದು ಸಣ್ಣ, ವೇಗದ ಅಲೆಯಾಗಿ ಕುಳಿತು ಬರುತ್ತದೆ.

ಇದರ ವೇಗ ಕೇಳಿ. ಭಾರತದಲ್ಲೂ ಒಮಾನಿನಲ್ಲೂ ಬಳಕೆಗೆ ಬಂದ ‘ಪಾಲ್’ ಪದ್ಧತಿಯಲ್ಲಿ ಒಂದು ಪೂರ್ಣ ಚಿತ್ರಕ್ಕೆ 625 ಸಾಲುಗಳು. ಸೆಕೆಂಡಿಗೆ 25 ಚಿತ್ರಗಳು. 625ನ್ನು 25ರಿಂದ ಗುಣಿಸಿದರೆ ಸೆಕೆಂಡಿಗೆ 15,625 ಸಾಲುಗಳು. ಅಂದರೆ ಒಂದು ಸಾಲಿಗೆ ಸಿಗುವ ಕಾಲ 64 ಮೈಕ್ರೊಸೆಕೆಂಡ್. ಅದರಲ್ಲೂ ಒಂದು ಉಪಾಯವಿದೆ. ಮೊದಲ ಸುತ್ತಿನಲ್ಲಿ ಬೆಸ ಸಾಲುಗಳು, ಎರಡನೆಯ ಸುತ್ತಿನಲ್ಲಿ ಸಮ ಸಾಲುಗಳು. ಹೀಗೆ ಸೆಕೆಂಡಿಗೆ 50 ಅರ್ಧ ಚಿತ್ರಗಳು ಬರುವುದರಿಂದ ಕಣ್ಣಿಗೆ ಚಲನೆ ನಯವಾಗಿ ಕಾಣುತ್ತದೆ. ನಮ್ಮ ಹಿರಿಯರು 1982ರಲ್ಲಿ ದೂರದರ್ಶನದ ಬಣ್ಣದ ಪ್ರಸಾರದಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ ನೋಡಿದ್ದು ಇದೇ ಪದ್ಧತಿಯಲ್ಲಿ.

ಅಮೆರಿಕದಲ್ಲಿ ಬಳಕೆಗೆ ಬಂದ ‘ಎನ್‌ಟಿಎಸ್‌ಸಿ’ ಪದ್ಧತಿಯಲ್ಲಿ ಸಾಲುಗಳು 525, ಚಿತ್ರಗಳು ಸೆಕೆಂಡಿಗೆ ಸುಮಾರು 30. ಬಣ್ಣ ಹೇಳುವ ರೀತಿಯೂ ಬೇರೆ. ಈ ಎರಡು ಪದ್ಧತಿಗಳನ್ನು ನೆನಪಿನಲ್ಲಿಡಿ. ಮುಂದೆ ಇವೇ ನಮ್ಮನ್ನು ಗೋಳಾಡಿಸಿದವು.

ಇನ್ನೊಂದು ಮುಖ್ಯ ಮಾತು. ಎಚ್‌ಡಿಎಂಐ ಕೇಬಲಿನಲ್ಲಿ ಮಾತುಕತೆ ನಡೆಯುತ್ತದೆ. ‘ನಾನು ಇಂಥ ಟಿ.ವಿ., ಇಷ್ಟು ದೊಡ್ಡ ಚಿತ್ರ ನನಗೆ ಆಗುತ್ತದೆ’ ಎಂದು ಟಿ.ವಿ. ತಾನೇ ಕಂಪ್ಯೂಟರಿಗೆ ತಿಳಿಸುತ್ತದೆ. ಹಳದಿ ಕೇಬಲಿನಲ್ಲಿ ಆ ವ್ಯವಸ್ಥೆ ಇಲ್ಲ. ಆ ಕಡೆ ಟಿ.ವಿ. ಇದೆಯೋ ಇಲ್ಲವೋ, ಅದಕ್ಕೆ ಅರ್ಥವಾಗುತ್ತಿದೆಯೋ ಇಲ್ಲವೋ, ಕಂಪ್ಯೂಟರಿಗೆ ಏನೂ ಗೊತ್ತಾಗುವುದಿಲ್ಲ. ತನ್ನ ಪಾಡಿಗೆ ಓದುತ್ತಾ ಹೋಗುತ್ತದೆ. ಆದ್ದರಿಂದ ಕೇಳುವವನಿಗೆ ಯಾವ ಭಾಷೆ ಬರುತ್ತದೆ ಎಂದು ನಾವೇ ಮೊದಲು ತಿಳಿದು, ಕಂಪ್ಯೂಟರಿಗೆ ಹೇಳಿಡಬೇಕು.

4. ಮಾಡಿದ ಕೆಲಸ

ಬೇಕಾದ ಸಾಮಗ್ರಿ: ಹಳದಿ ಆರ್‌ಸಿಎ ಸಾಕೆಟ್ ಒಂದು, ಎರಡು ಬಣ್ಣದ ತೆಳು ತಂತಿ ಗೇಣುದ್ದ, ಸೋಲ್ಡರಿಂಗ್ ಕಡ್ಡಿ, ಮಲ್ಟಿಮೀಟರ್, ಟಿ.ವಿ.ಗೆ ಹಾಕುವ ಹಳದಿ ಕೇಬಲ್.

ಮೊದಲು ಅವನು ಪೇಟೆಯ ಒಂದು ಅಂಗಡಿಯಿಂದ ಹೆಡ್‌ಫೋನ್ ಪಿನ್ನಿನಂತೆ ಕಾಣುವ, ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಮೂತಿಗಳಿರುವ ಕೇಬಲ್ ತಂದಿದ್ದ. ಆ ಪಿನ್ನಿನಲ್ಲಿ ನಾಲ್ಕು ಪಟ್ಟಿಗಳಿರುತ್ತವೆ. ತೊಂದರೆಯೆಂದರೆ ಯಾವ ಪಟ್ಟಿ ಚಿತ್ರದ್ದು, ಯಾವುದು ಗ್ರೌಂಡ್ ಎಂಬುದು ಎಲ್ಲ ಕೇಬಲಿನಲ್ಲೂ ಒಂದೇ ಅಲ್ಲ. ನೋಡಲು ಅವಳಿಗಳು, ಒಳಗೆ ಅದಲು ಬದಲು. ಅದಕ್ಕೇ ಅದನ್ನು ಬದಿಗಿಟ್ಟು ಆರ್‌ಸಿಎ ಸಾಕೆಟ್ ಆರಿಸಿಕೊಂಡ. ಅದರಲ್ಲಿ ಇರುವುದು ಎರಡೇ. ನಡುವಿನ ಪಿನ್ನು ಚಿತ್ರಕ್ಕೆ, ಹೊರಗಿನ ಬಳೆ ಗ್ರೌಂಡಿಗೆ. ತಪ್ಪಲು ಜಾಗವೇ ಕಡಿಮೆ.

ಹಂತ 1: ಬ್ಯಾಟರಿಯನ್ನು ಪೂರ್ತಿ ಕಳಚಿ ಬೇರೆ ಮೇಜಿನ ಮೇಲಿಟ್ಟರು. ಪೆಟ್ಟಿಗೆಗೆ ತೂತು ಕೊರೆದದ್ದೂ ಆಮೇಲೆಯೇ.

ಹಂತ 2: ಎರಡು ತೂತುಗಳಲ್ಲಿ ಗ್ರೌಂಡ್ ಯಾವುದೆಂದು ಹುಡುಕಿದರು. ಬೋರ್ಡಿನಲ್ಲಿ 40 ಪಿನ್ನುಗಳ ಸಾಲಿದೆ. ಅದರಲ್ಲಿ 6ನೆಯದು ಗ್ರೌಂಡ್. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಒಂದು ಕಡ್ಡಿಯನ್ನು 6ನೆಯ ಪಿನ್ನಿಗೆ ಮುಟ್ಟಿಸಿ, ಇನ್ನೊಂದನ್ನು ಟಿವಿ ತೂತುಗಳಿಗೆ ಒಂದೊಂದಾಗಿ ಮುಟ್ಟಿಸಿದರು. ಬಹುತೇಕ ಸೊನ್ನೆ ತೋರಿಸಿದ್ದು ಗ್ರೌಂಡ್. ಉಳಿದದ್ದು ಚಿತ್ರ. ಪಕ್ಕದಲ್ಲೇ ‘ರನ್’ ಎಂದು ಬರೆದ ಇನ್ನೆರಡು ತೂತುಗಳಿವೆ. ಅವು ಕಂಪ್ಯೂಟರನ್ನು ಮತ್ತೆ ಮೊದಲಿನಿಂದ ಆರಂಭಿಸಲು ಇರುವಂಥವು. ಅವಸರದಲ್ಲಿ ಅಲ್ಲಿಗೆ ತಂತಿ ಹಾಕಬಾರದು.

ಹಂತ 3: ಕಪ್ಪು ತಂತಿ ಗ್ರೌಂಡಿನಿಂದ ಸಾಕೆಟಿನ ಬಳೆಗೆ, ಹಳದಿ ತಂತಿ ಚಿತ್ರದ ತೂತಿನಿಂದ ನಡುವಿನ ಪಿನ್ನಿಗೆ. ಎರಡನ್ನೂ ಜಡೆಯಂತೆ ಹೆಣೆದು ಆದಷ್ಟು ಗಿಡ್ಡವಾಗಿ ಇಟ್ಟರು.

ಹಂತ 4: ಬ್ಯಾಟರಿ ಹಾಕುವ ಮೊದಲು ಮತ್ತೊಮ್ಮೆ ಮೀಟರ್ ಹಿಡಿದು, ಬೆಸುಗೆಯ ಹನಿ ಪಕ್ಕದ ತೂತಿಗೆ ಸೇರಿಲ್ಲವೆಂದು ಖಚಿತ ಮಾಡಿಕೊಂಡರು.

ಶಬ್ದಕ್ಕೆ ಕೈ ಹಾಕಲಿಲ್ಲ. ಕನ್ಸೋಲಿನ ಸಣ್ಣ ಸ್ಪೀಕರೇ ಸಾಕೆಂದು ಬಿಟ್ಟರು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ನಮ್ಮ ಭೌತಶಾಸ್ತ್ರದ ಸಹೋದ್ಯೋಗಿಯ ನಿಯಮ.

5. ಮೊದಲ ತೊಂದರೆ: ಕಪ್ಪು ಪರದೆ

ಟಿ.ವಿ.ಗೆ ಕೇಬಲ್ ಹಾಕಿ ಸ್ವಿಚ್ ಒತ್ತಿದರು. ಕನ್ಸೋಲಿನ ಪುಟ್ಟ ಪರದೆಯಲ್ಲಿ ಆಟ ಬಂತು. ಟಿ.ವಿ. ಮಾತ್ರ ‘ಸಿಗ್ನಲ್ ಇಲ್ಲ’ ಎಂದಿತು. ಹುಡುಗ ತಕ್ಷಣ ಬೆಸುಗೆ ಬಿಚ್ಚಲು ಹೊರಟ. “ತಡಿ, ತಂತಿ ಸರಿಯಿದೆಯೆಂದು ಈಗಷ್ಟೇ ಮೀಟರಿನಲ್ಲಿ ನೋಡಿದ್ದೇವೆ. ತಪ್ಪು ಬೇರೆ ಕಡೆ ಇದೆ” ಎಂದು ಸಹೋದ್ಯೋಗಿ ತಡೆದರು.

ತಪ್ಪು ಇದ್ದದ್ದು ಸೆಟ್ಟಿಂಗಿನಲ್ಲಿ. ಮೆಮೊರಿ ಕಾರ್ಡಿನಲ್ಲಿ ‘ಕಾನ್ಫಿಗ್’ ಎಂಬ ಒಂದು ಸಾದಾ ಪಠ್ಯದ ಫೈಲಿದೆ. ಕಂಪ್ಯೂಟರ್ ಏಳುವಾಗ ಅದನ್ನು ಓದಿಕೊಂಡು ಏಳುತ್ತದೆ. ಪುಟ್ಟ ಎಲ್‌ಸಿಡಿ ಜೋಡಿಸುವಾಗ, ಆ ಪರದೆಯ ಜೊತೆ ಸಿಕ್ಕ ಸೂಚನೆಯಂತೆ ಹುಡುಗ ಅದರಲ್ಲಿ ‘ಎಚ್‌ಡಿಎಂಐ ಫೋರ್ಸ್ ಹಾಟ್‌ಪ್ಲಗ್’ ಎಂಬ ಸಾಲು ಸೇರಿಸಿದ್ದ. ಎಚ್‌ಡಿಎಂಐಯಲ್ಲಿ ಯಾರೂ ಇಲ್ಲದಿದ್ದರೂ ಇದ್ದಾರೆಂದೇ ತಿಳಿ ಎಂಬುದು ಅದರ ಅರ್ಥ. ಎಲ್‌ಸಿಡಿಗೆ ಹೋಗುತ್ತಿದ್ದದ್ದು ಆ ಕಾಣದ ಎಚ್‌ಡಿಎಂಐ ಚಿತ್ರದ ಪ್ರತಿ. ಈ ಬೋರ್ಡು ಎಚ್‌ಡಿಎಂಐಗೆ ಚಿತ್ರ ಕಳಿಸುವಾಗ ಹಳದಿ ತಂತಿಗೆ ಕಳಿಸುವುದಿಲ್ಲ. ಖಾಲಿ ಬೆಂಚಿಗೆ ಪಾಠ ಮಾಡುತ್ತಾ, ಕಿಟಕಿಯ ಪಕ್ಕ ಕುಳಿತವನನ್ನು ಮರೆತ ಶಿಕ್ಷಕನ ಹಾಗೆ!

ಆ ಸಾಲನ್ನು ತೆಗೆದರು. ಎಚ್‌ಡಿಎಂಐಯಲ್ಲಿ ಯಾರೂ ಇಲ್ಲವೆಂದು ಕಂಡುಕೊಂಡ ಕಂಪ್ಯೂಟರ್ ತಾನಾಗಿ ಹಳದಿ ತಂತಿಗೆ ತಿರುಗಿತು. ಎಲ್‌ಸಿಡಿಗೆ ಈಗ ಅದರ ಪ್ರತಿ ಹೋಗತೊಡಗಿತು. ಎರಡು ಪರದೆಗಳಲ್ಲೂ ಒಂದೇ ಆಟ! ಸಾಫ್ಟ್‌ವೇರಿನ ಹೊಸ ಆವೃತ್ತಿ ಬಳಸುವವರು ಒಂದು ವಿಷಯ ಗಮನಿಸಬೇಕು. ಅದರಲ್ಲಿ ಈ ಸಾಲುಗಳು ಬದಲಾಗಿವೆ, ಕಾಂಪೊಸಿಟ್ ಬೇಕೆಂದು ಬೇರೆಯಾಗಿಯೇ ಬರೆಯಬೇಕು.

ಮಸ್ಕತ್ತಿನ ಮನೆಯ ಚಪ್ಪಟೆ ಟಿ.ವಿ.ಯಲ್ಲಿ ಚಿತ್ರ ಚೆನ್ನಾಗಿಯೇ ಬಂತು. ಎಲ್ಲ ಮುಗಿಯಿತೆಂದು ನಾವು ಸಿಹಿ ತಿಂದೆವು.

6. ಎರಡನೆಯ ತೊಂದರೆ: ಉರುಳುವ ಚಿತ್ರ

ಜೂನ್ ತಿಂಗಳು. ಸಾಗರದ ಕಡೆ ಜೋರು ಮಳೆ. ಒಂದು ಸಂಜೆ ನನಗೆ ವಾಟ್ಸ್ಆ್ಯಪ್ ಕರೆ. “ಮಿಸ್, ಇಲ್ಲಿ ಬರುತ್ತಿಲ್ಲ” ಎಂದ ಹುಡುಗ. ದನಿಯಲ್ಲಿ ಅಳು. ಕ್ಯಾಮೆರಾ ತಿರುಗಿಸಿ ತೋರಿಸಿದ. ಅಜ್ಜಿಯ ಟಿ.ವಿ.ಯಲ್ಲಿ ಚಿತ್ರವಿತ್ತು, ಆದರೆ ಬಣ್ಣವಿರಲಿಲ್ಲ. ಜೊತೆಗೆ ಅದು ಮೇಲಿಂದ ಕೆಳಕ್ಕೆ ಉರುಳುತ್ತಲೇ ಇತ್ತು. ಹಿಂದೆ ಅಜ್ಜಿಯ ಸ್ವರ: “ಟಿ.ವಿ. ಹಾಳಾಯಿತೇನೋ, ಬಿಡು ಮಗಾ.”

ಬಣ್ಣವಿಲ್ಲ, ಉರುಳುತ್ತಿದೆ. ಈ ಎರಡು ಲಕ್ಷಣ ಒಟ್ಟಿಗೆ ಕಂಡರೆ ಟಿ.ವಿ. ಹಾಳಾಗಿದೆ ಎಂದುಕೊಳ್ಳುವ ಮೊದಲು ಪದ್ಧತಿ ನೋಡಬೇಕು. ಕಾನ್ಫಿಗ್ ಫೈಲಿನಲ್ಲಿ ‘ಎಸ್‌ಡಿಟಿವಿ ಮೋಡ್’ ಎಂಬ ಸಾಲಿರುತ್ತದೆ. ಅದಕ್ಕೆ 0 ಬರೆದರೆ ಎನ್‌ಟಿಎಸ್‌ಸಿ, 2 ಬರೆದರೆ ಪಾಲ್. ಏನೂ ಬರೆಯದಿದ್ದರೆ 0 ಎಂದೇ ಲೆಕ್ಕ. ನಾವು ಏನೂ ಬರೆದಿರಲಿಲ್ಲ! ಮಸ್ಕತ್ತಿನ ಹೊಸ ಟಿ.ವಿ. ಎರಡೂ ಭಾಷೆ ಬಲ್ಲದ್ದು, ಸದ್ದಿಲ್ಲದೆ ಹೊಂದಿಕೊಂಡಿತ್ತು. ಅಜ್ಜಿಯ ಟಿ.ವಿ.ಗೆ ಬರುತ್ತಿದ್ದದ್ದು ಪಾಲ್ ಒಂದೇ. 525 ಸಾಲಿಗೇ ‘ಹೊಸ ಪುಟ’ ಎಂದು ಕೂಗುವ ಶಿಕ್ಷಕನ ಮುಂದೆ, 625 ಸಾಲಿನ ಪುಸ್ತಕ ಹಿಡಿದ ವಿದ್ಯಾರ್ಥಿ ತಬ್ಬಿಬ್ಬಾಗಿದ್ದ. ವಿದ್ಯಾರ್ಥಿ ದಡ್ಡನಲ್ಲ. ಅವನಿಗೆ ಬಾರದ ಭಾಷೆಯಲ್ಲಿ ನಾವು ಓದುತ್ತಿದ್ದೆವು.

ಮೆಮೊರಿ ಕಾರ್ಡನ್ನು ಚಿಕ್ಕಪ್ಪನ ಲ್ಯಾಪ್‌ಟಾಪಿಗೆ ಹಾಕಿದರು. ಮೊದಲು ಹಳೆಯ ಫೈಲಿನ ಒಂದು ಪ್ರತಿ ತೆಗೆದಿಟ್ಟರು. ಒಂದೇ ಸಾಲು ಸೇರಿಸಿದರು: ಎಸ್‌ಡಿಟಿವಿ ಮೋಡ್ 2. ಅಷ್ಟರಲ್ಲಿ ಕರೆಂಟು ಹೋಯಿತು. ಬಂದದ್ದು ರಾತ್ರಿ ಎಂಟೂವರೆಗೆ. ಸ್ವಿಚ್ ಒತ್ತಿದಾಗ ಒನಕೆಯ ಕಂದು ಬಣ್ಣ ಪರದೆಯಲ್ಲಿ ಗಟ್ಟಿಯಾಗಿ ನಿಂತಿತು.

7. ಮೂರನೆಯ ತೊಂದರೆ: ಕಾಣೆಯಾದ ಒತ್ತು

ಆಟ ಶುರುವಾಯಿತು. ಮಗ್ಗದ ಚಿತ್ರ ಬಂತು. ಅಜ್ಜಿ ಕೆಳಗಿನ ಪದ ಓದಿ, “ಇದ್ಯಾರ ಮಗ?” ಎಂದರು. ‘ಮಗ್ಗ’ದ ಒತ್ತು ಪರದೆಯ ಕೆಳ ಅಂಚಿನಲ್ಲಿ ಕತ್ತರಿಸಿಹೋಗಿತ್ತು!

ಹಳೆಯ ಟ್ಯೂಬ್ ಟಿ.ವಿ.ಗಳು ಚಿತ್ರದ ಅಂಚನ್ನು ಸ್ವಲ್ಪ ಚೌಕಟ್ಟಿನ ಹಿಂದಕ್ಕೆ ತಳ್ಳಿ ತೋರಿಸುತ್ತವೆ. ಇದಕ್ಕೆ ‘ಓವರ್‌ಸ್ಕ್ಯಾನ್’ ಎನ್ನುತ್ತಾರೆ. ಅಂಚು ಅಂಕುಡೊಂಕಾಗಿ ಕಾಣದಿರಲೆಂದು ಮಾಡಿದ ವ್ಯವಸ್ಥೆ ಅದು. ಟಿ.ವಿ. ಕಾರ್ಯಕ್ರಮ ಮಾಡುವವರು ಅದಕ್ಕೇ ಅಕ್ಷರಗಳನ್ನು ಅಂಚಿನಿಂದ ಒಳಗೆ ಇಡುತ್ತಿದ್ದರು. ಇಂಗ್ಲಿಷಿನಲ್ಲಾದರೆ ಕೆಳಗೆ ಇಳಿಯುವ ಅಕ್ಷರಗಳು ಕೆಲವೇ. ಕನ್ನಡದಲ್ಲಿ ಒತ್ತಕ್ಷರ ಇಳಿಯುವುದೇ ಕೆಳಗೆ. ಅಂಚು ಕತ್ತರಿಸಿದರೆ ನಮಗೆ ಅರ್ಥವೇ ಕತ್ತರಿಸುತ್ತದೆ. ಇದೇ ಕಾನ್ಫಿಗ್ ಫೈಲಿನಲ್ಲಿ ನಾಲ್ಕು ಬದಿಗೂ ಓವರ್‌ಸ್ಕ್ಯಾನ್ ಸಾಲುಗಳಿವೆ. ಕೆಳಬದಿಗೆ 16, 24 ಎಂದು ಏರಿಸುತ್ತಾ 32ಕ್ಕೆ ಬಂದಾಗ ‘ಮಗ್ಗ’ ಮತ್ತೆ ಮಗ್ಗವಾಯಿತು.

ಇನ್ನೊಂದು ಸಣ್ಣ ಕಾಟ ಉಳಿದಿತ್ತು. ಅಕ್ಷರಗಳ ತಲೆಕಟ್ಟು ಸೊಳ್ಳೆಯ ರೆಕ್ಕೆಯಂತೆ ನಡುಗುತ್ತಿತ್ತು. ಕಾರಣ ನೀವೇ ಹೇಳಬಲ್ಲಿರಿ. ಬೆಸ ಸಾಲು ಒಮ್ಮೆ, ಸಮ ಸಾಲು ಒಮ್ಮೆ ಎಂದೆನಲ್ಲ? ಒಂದೇ ಸಾಲಿನಷ್ಟು ತೆಳುವಾದ ಅಡ್ಡಗೆರೆ ಒಂದು ಸುತ್ತಿನಲ್ಲಿ ಇರುತ್ತದೆ, ಮುಂದಿನ ಸುತ್ತಿನಲ್ಲಿ ಇರುವುದಿಲ್ಲ. ಸೆಕೆಂಡಿಗೆ 25 ಸಲ ಮಾತ್ರ ಬೆಳಗುವುದರಿಂದ ಮಿನುಗುತ್ತದೆ. ಅವನು ಬಳಸಿದ ಸಾಫ್ಟ್‌ವೇರಿನಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳದ ಕಾರಣ ಮೊದಲೇ ಪದಗಳನ್ನೆಲ್ಲ ಚಿತ್ರಗಳಾಗಿ ಉಳಿಸಿಟ್ಟಿದ್ದ. ಈಗ ಅವನ್ನೇ ದಪ್ಪ ಅಕ್ಷರದಲ್ಲಿ, ದೊಡ್ಡದಾಗಿ ಮತ್ತೆ ಮಾಡಿದ. ನಡುಕ ನಿಂತಿತು.

8. ಅಜ್ಜಿ ತಿದ್ದಿದ ಪಾಠ

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಕುರ್ಚಿ ಎಳೆದು ಕುಳಿತರು. ಗುಂಡಿ ಒತ್ತುವುದು ಮೊಮ್ಮಗ, ಉತ್ತರ ಹೇಳುವುದು ಅಜ್ಜಿ. ತರಕಾರಿ ಹೆಚ್ಚುವ ಮಣೆಯ ಚಿತ್ರ ಬಂತು. ಅವನು ಬರೆದ ಸರಿಯುತ್ತರ ‘ಈಳಿಗೆ’. ಅಜ್ಜಿ ತಲೆಯಾಡಿಸಿದರು. “ನಮ್ಮ ಕಡೆ ಇದಕ್ಕೆ ಮೆಟ್ಟುಗತ್ತಿ ಅಂತಾರೆ ಪುಟ್ಟಾ. ಕಾಲಲ್ಲಿ ಮೆಟ್ಟಿ ಹಿಡಿದು ಹೆಚ್ಚುವುದಲ್ಲವಾ? ನಿನ್ನ ಆಟದಲ್ಲಿ ಅದೇ ಇಲ್ಲ.”

ಆ ಪಟ್ಟಿಯ ಕಾಗುಣಿತ ನೋಡಿಕೊಟ್ಟವಳು ನಾನು. ‘ಈಳಿಗೆ’ ಸರಿಯಾಗಿದೆ ಎಂದು ಗುರುತು ಹಾಕಿದವಳೂ ನಾನೇ. ನನಗೆ ಆ ಇನ್ನೊಂದು ಪದ ಹೊಳೆದೇ ಇರಲಿಲ್ಲ. ಹುಡುಗ ನೋಟ್ ಪುಸ್ತಕ ತೆಗೆದ. ಮಳೆಯ ಆ ಮೂರು ವಾರಗಳಲ್ಲಿ ಅಜ್ಜಿ ಹೇಳಿದ 40 ಪದಗಳು ಅದರಲ್ಲಿ ಸೇರಿದವು. ಮಸ್ಕತ್ತಿಗೆ ಮರಳಿದ ಮೇಲೆ ತರಗತಿಯಲ್ಲಿ ಎದ್ದು ನಿಂತು, ಒಂದೊಂದನ್ನೂ ಜೋರಾಗಿ ಓದಿ ಅರ್ಥ ಹೇಳಿದ. ಅವನು ಇಡೀ ತರಗತಿಯ ಮುಂದೆ ಅಷ್ಟು ಹೊತ್ತು ಕನ್ನಡ ಮಾತನಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಳದಿ ತಂತಿಯ ಪಾಠವೂ ಇಷ್ಟೇ. ಎದುರಿನವರಿಗೆ ಯಾವ ಭಾಷೆ ಬರುತ್ತದೆ, ಅವರಿಗೆ ಎಷ್ಟು ದೊಡ್ಡದಾಗಿ ಕಾಣಬೇಕು ಎಂದು ಮೊದಲು ತಿಳಿದುಕೊಳ್ಳಬೇಕಾದವರು ಹೇಳಲು ಹೊರಟ ನಾವು. ಟಿ.ವಿ.ಯ ವಿಷಯದಲ್ಲೂ ಹೌದು, ಅಜ್ಜಿಯ ವಿಷಯದಲ್ಲೂ ಹೌದು.

ಪೋಷಕರ ಗಮನಕ್ಕೆ

• ಸೋಲ್ಡರಿಂಗ್ ಕಡ್ಡಿಯ ತುದಿ 300 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ದೊಡ್ಡವರು ಪಕ್ಕದಲ್ಲಿರಬೇಕು. ಕಿಟಕಿ ತೆರೆದಿರಲಿ, ಕೆಲಸವಾದ ಮೇಲೆ ಕೈ ತೊಳೆಯಬೇಕು.

• ಲಿಥಿಯಂ ಬ್ಯಾಟರಿಯ ಮೇಲೆ ನೇರವಾಗಿ ಬೆಸುಗೆ ಹಾಕಬಾರದು. ಚುಚ್ಚಬಾರದು, ಮಡಿಸಬಾರದು. ಉಬ್ಬಿದ್ದರೆ ಬಳಸಲೇಬಾರದು.

• ಹಳೆಯ ಟ್ಯೂಬ್ ಟಿ.ವಿ.ಯ ಹಿಂಬದಿಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗೆ ಪ್ರಾಣಾಪಾಯದಷ್ಟು ವಿದ್ಯುತ್ತು ಉಳಿದಿರಬಹುದು. ನಮಗೆ ಬೇಕಾದದ್ದು ಹೊರಗಿನ ಹಳದಿ ಕಿಂಡಿ ಮಾತ್ರ.

• ಮಗು ‘ಬರುತ್ತಿಲ್ಲ’ ಎಂದಾಗ ಹೊಸದನ್ನು ಕೊಡಿಸುವ ಮೊದಲು ‘ಏನು ಕಾಣುತ್ತಿದೆ, ಹೇಳು’ ಎಂದು ಕೇಳಿ. ಕಂಡದ್ದನ್ನು ಸರಿಯಾಗಿ ಹೇಳಲು ಬಂದರೆ ಅರ್ಧ ಉತ್ತರ ಸಿಕ್ಕಂತೆ.

ಅಭ್ಯಾಸ

1. ಎನ್‌ಟಿಎಸ್‌ಸಿಯಲ್ಲಿ ಸೆಕೆಂಡಿಗೆ ಸರಿಯಾಗಿ 30 ಚಿತ್ರಗಳೆಂದು ಇಟ್ಟುಕೊಳ್ಳಿ. ಸೆಕೆಂಡಿಗೆ ಎಷ್ಟು ಸಾಲುಗಳಾಗುತ್ತವೆ? ಪಾಲ್ ಪದ್ಧತಿಯ 15,625ರ ಜೊತೆ ಹೋಲಿಸಿ.

2. ಪರದೆ ಕಪ್ಪಾಗಿದೆ. ಚಿತ್ರ ಉರುಳುತ್ತಿದೆ, ಬಣ್ಣವಿಲ್ಲ. ಅಂಚು ಕಾಣುತ್ತಿಲ್ಲ. ಈ ಮೂರು ಲಕ್ಷಣಗಳಿಗೆ ಮೊದಲು ಏನನ್ನು ಪರೀಕ್ಷಿಸುತ್ತೀರಿ? ಒಂದೊಂದು ವಾಕ್ಯದಲ್ಲಿ ಬರೆಯಿರಿ.

3. ಒತ್ತು ಬಿದ್ದುಹೋದರೆ ಬೇರೆ ಅರ್ಥ ಕೊಡುವ ಐದು ಪದಗಳನ್ನು ಹುಡುಕಿ. ಉದಾಹರಣೆ: ಮಗ್ಗ – ಮಗ, ಕತ್ತೆ – ಕತೆ, ಹಳ್ಳಿ – ಹಳಿ.

4. ನಿಮ್ಮ ಅಜ್ಜಿ ಅಥವಾ ಅಜ್ಜನಿಗೆ ಫೋನ್ ಮಾಡಿ, ಅಡುಗೆಮನೆಯ ಐದು ಹಳೆಯ ವಸ್ತುಗಳಿಗೆ ಅವರ ಊರಿನಲ್ಲಿ ಏನು ಹೇಳುತ್ತಾರೆಂದು ಕೇಳಿ ಬರೆದು ತನ್ನಿ. ನನಗೆ ಗೊತ್ತಿಲ್ಲದ ಪದ ತಂದವರಿಗೆ ಒಂದು ಅಂಕ ಹೆಚ್ಚು.